ಹದಿನೈದು ಜಿಬಿಯ ಸಂಸಾರ

ಗೂಗಲ್ ಡ್ರೈವಿನಲ್ಲಿರುವ ನಮ್ಮ ಫೋಲ್ಡರಿನ ಹೆಸರು 'ಅನಂತಪುರ ಜಿಲ್ಲೆ ಕನ್ನಡ ಮಾಧ್ಯಮ'. ಅದರಲ್ಲಿ ರಾಯದುರ್ಗ, ಡಿ. ಹಿರೇಹಾಳ್ ಕಡೆಯ ಮೇಷ್ಟ್ರುಗಳಿದ್ದೇವೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯವರೂ ಇದ್ದಾರೆ. 2022ರ ಏಪ್ರಿಲ್ 4ರಂದು ಆಂಧ್ರದಲ್ಲಿ ಹೊಸ ಜಿಲ್ಲೆಗಳಾದವು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಫೋಲ್ಡರಿನ ಅರ್ಧ ಜನ ಒಂದೇ ದಿನದಲ್ಲಿ ಬೇರೆ ಜಿಲ್ಲೆಯವರಾದರು. ಹೆಸರು ಬದಲಿಸೋಣವೇ ಎಂದು ಯಾರೋ ಕೇಳಿದರು. "ಮೊದಲು ಜಾಗ ಮಾಡ್ರಿ, ಆಮ್ಯಾಲೆ ಹೆಸರು ಇಡೋಣು" ಎಂದರು ನಮ್ಮ ಗಣಿತದ ಮೇಷ್ಟ್ರು. ಜಾಗ ಆಗಲಿಲ್ಲ, ಹೆಸರೂ ಬದಲಾಗಲಿಲ್ಲ.

ಇಂಥದ್ದೊಂದು ಫೋಲ್ಡರು ನಮಗೆ ಯಾಕೆ ಬೇಕು ಎಂದರೆ, ಬಳ್ಳಾರಿಯ ಪುಸ್ತಕದಂಗಡಿಗೆ ಹೋದರೆ ಕನ್ನಡದ ಗೈಡುಗಳು ರಾಶಿ ಬಿದ್ದಿರುತ್ತವೆ, ಎಲ್ಲವೂ ಕರ್ನಾಟಕದ ಸಿಲಬಸ್ಸಿನವು. ಅನಂತಪುರಕ್ಕೆ ಹೋದರೆ ನಮ್ಮ ಸಿಲಬಸ್ಸಿನ ಗೈಡುಗಳು ಸಿಗುತ್ತವೆ, ಎಲ್ಲವೂ ತೆಲುಗಿನವು, ಇಲ್ಲವೆ ಇಂಗ್ಲಿಷಿನವು. ಆಂಧ್ರದ ಪಾಠವನ್ನು ಕನ್ನಡದಲ್ಲಿ ಓದುವ ನಮ್ಮ ಹುಡುಗರನ್ನು ನಂಬಿ ಗೈಡು ಅಚ್ಚು ಹಾಕಿಸಿದರೆ ಪ್ರಕಾಶಕ ಮನೆ ಮಾರಬೇಕಾದೀತು. ಹಾಗಾಗಿ ನೋಟ್ಸು, ಬಿಟ್ ಪೇಪರು, ಹಳೆಯ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ನಾವೇ ಕೂಡಿಸಬೇಕು, ನಾವೇ ಹಂಚಿಕೊಳ್ಳಬೇಕು.

ಮೊದಲು ಇವೆಲ್ಲ ಜೆರಾಕ್ಸಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದವು. ರಾಯದುರ್ಗದಿಂದ ಮಡಕಶಿರಾಕ್ಕೆ ಕಲ್ಯಾಣದುರ್ಗದ ಮೇಲೆ ಹೊರಟರೆ ನಡುವೆ ಪಾವಗಡ ಸಿಗುತ್ತದೆ, ಅದು ಕರ್ನಾಟಕ. ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ ಇನ್ನೊಂದು ರಾಜ್ಯ! ಅಷ್ಟು ದೂರ ನೋಟ್ಸಿಗಾಗಿ ಯಾರು ಹೋಗುತ್ತಾರೆ? ಟ್ರೈನಿಂಗಿಗೆಂದು ಅನಂತಪುರದಲ್ಲಿ ಸೇರಿದಾಗ ಕೈಚೀಲಗಳಿಂದ ಕಟ್ಟುಗಳು ಹೊರಬರುತ್ತಿದ್ದವು. ತಂದದ್ದೆಲ್ಲ ಸ್ಟಾಫ್ ರೂಮಿನ ಕಬ್ಬಿಣದ ಬೀರು ಸೇರುತ್ತಿತ್ತು. ಅದರ ಬಾಗಿಲು ಹಾಕಬೇಕಾದರೆ ಒಬ್ಬರು ಮೊಣಕಾಲು ಕೊಟ್ಟು ಒತ್ತಬೇಕು, ಇನ್ನೊಬ್ಬರು ಚಿಲಕ ಹಾಕಬೇಕು. ಆದರೂ 'ತುಂಬಿದೆ, ದುಡ್ಡು ಕೊಡಿ' ಎಂದು ಆ ಬೀರು ಒಂದು ದಿನವೂ ಕೇಳಲಿಲ್ಲ. ತೀರಾ ಇಕ್ಕಟ್ಟಾದರೆ ಗೆದ್ದಲು ಬಂದು ಕೆಳಗಿನ ಖಾನೆಯಲ್ಲಿ ತಾನೇ ಜಾಗ ಮಾಡಿಕೊಡುತ್ತಿತ್ತು.

ಗೂಗಲ್ ಡ್ರೈವಿಗೆ ಗೆದ್ದಲು ಹತ್ತುವುದಿಲ್ಲ. ಅಲ್ಲಿ ಒಬ್ಬೊಬ್ಬರಿಗೆ ಪುಕ್ಕಟೆ ಸಿಗುವುದು 15 ಜಿಬಿ. ಮೇಲು, ಫೋಟೋ, ಫೈಲು ಮೂರೂ ಅದರೊಳಗೇ ಸಂಸಾರ ಮಾಡಬೇಕು. 2021ರ ಜೂನ್ 1ರ ತನಕ ಸ್ವಲ್ಪ ಗುಣಮಟ್ಟ ಇಳಿಸಿದ ಫೋಟೋಗಳಿಗೆ ಲೆಕ್ಕವಿರಲಿಲ್ಲ. ಆಮೇಲೆ ಅದಕ್ಕೂ ಲೆಕ್ಕ ಬಂತು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ಪೂ ಈ 15ರೊಳಗೇ ಬಂದು ಕೂತಿತು. ಅಂದರೆ ದಿನಾ ಬೆಳಗ್ಗೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುವ ಬಂಧುಗಳಿಗೂ ಹತ್ತನೇ ತರಗತಿಯ ತ್ರಿಕೋನಮಿತಿಗೂ ಈಗ ನೇರ ಜಗಳ. ಗೆಲ್ಲುವುದು ಗುಲಾಬಿಯೇ.

ನಮ್ಮ ಫೈಲುಗಳು ಅಷ್ಟೇನೂ ದಪ್ಪ ಇರಬೇಕಾಗಿರಲಿಲ್ಲ. ಕನ್ನಡದ ಅಕ್ಷರ ಕಂಪ್ಯೂಟರಿಗೆ ಇಂಗ್ಲಿಷಿಗಿಂತ ಭಾರ, ನಿಜ. ಈಗ ಎಲ್ಲೆಡೆ ನಡೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟು ಸಾಕು. ಕನ್ನಡದ ವ್ಯಂಜನಕ್ಕೆ 3, ಅದರ ಗುಣಿತಕ್ಕೆ 3, ಒತ್ತು ಹಾಕುವ ವಿರಾಮಕ್ಕೆ ಮತ್ತೆ 3. ಇಂಗ್ಲಿಷಿನಲ್ಲಿ 'ಸರ್' ಎಂದು ಬರೆದರೆ 3 ಬೈಟಿಗೆ ಮುಗಿಯುತ್ತದೆ. 'ಮೇಷ್ಟ್ರು' ಎಂದು ಕನ್ನಡದಲ್ಲಿ ಬರೆದರೆ 24. ಮೇಷ್ಟ್ರ ತೂಕ ಇರುವುದೇ ಹಾಗೆ, ಬಿಡಿ. ಆದರೂ ಒಂದು ವರ್ಷದ ಸಮಾಜ ಪಾಠದ ನೋಟ್ಸನ್ನೆಲ್ಲ ಟೈಪು ಮಾಡಿಟ್ಟರೆ ಒಂದು ಎಂಬಿ ಮುಟ್ಟುವುದು ಕಷ್ಟ. ತೊಂದರೆ ಬಂದದ್ದು ಫಾಂಟಿನಿಂದ. ಒಬ್ಬರು ಹಳೆಯ ನುಡಿಯಲ್ಲಿ ಟೈಪು ಮಾಡಿ ಕಳಿಸುತ್ತಾರೆ. ಇನ್ನೊಬ್ಬರ ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರ, ಕಾಮಾ, ಡಾಲರ್ ಗುರುತುಗಳ ಚಿತ್ರಾನ್ನವಾಗಿ ತೆರೆದುಕೊಳ್ಳುತ್ತದೆ. "ಸಾರ್, ಇದು ಯಾವ ಭಾಷೆ?" ಎಂದು ಅಗಳಿಯಿಂದ ಫೋನು. "ಪ್ರಿಂಟು ತಗ್ದು ಫೋಟೋ ಹೊಡ್ದು ಹಾಕ್ತೀನಿ ತಡೀರಿ" ಎಂದು ರಾಯದುರ್ಗದಿಂದ ಉತ್ತರ. ಹೀಗೆ ಕೆಲವು ಸಾವಿರ ಬೈಟಿನಲ್ಲಿ ಮುಗಿಯಬೇಕಾದ ಪುಟ ನಾಲ್ಕು ಎಂಬಿಯ ಫೋಟೋ ಆಗುತ್ತದೆ. ಪ್ರಶ್ನೆಪತ್ರಿಕೆಯನ್ನು ನೆಲದ ಮೇಲಿಟ್ಟು ತೆಗೆದ ಫೋಟೋ; ಒಂದು ಮೂಲೆಯಲ್ಲಿ ಹೆಬ್ಬೆರಳು, ನಡುವೆ ತೆಗೆದವರ ತಲೆಯ ನೆರಳು, ಏಳನೇ ಪ್ರಶ್ನೆ ನೆರಳಿನೊಳಗೆ. ಆ ಏಳನೇ ಪ್ರಶ್ನೆಗಾಗಿ ಇನ್ನೊಂದು ಫೋಟೋ, ಇನ್ನೊಂದು ನಾಲ್ಕು ಎಂಬಿ.

ಇದರ ಮೇಲೆ ಹೇಮಾವತಿ ಟೂರು. ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಕೆಲವು ಚೆಲುವಾದ ಕಂಬಗಳು ಈಗ ಚೆನ್ನೈ ಮ್ಯೂಸಿಯಮ್ಮಿನಲ್ಲಿವೆ. ಉಳಿದದ್ದನ್ನು ಮಡಕಶಿರಾ ಕಡೆಯವರು ನಮ್ಮ ಫೋಲ್ಡರಿಗೆ ಸಾಗಿಸಿದ್ದಾರೆ. ಸಿದ್ಧೇಶ್ವರನ ಗುಡಿ ನಾಲ್ಕೂ ದಿಕ್ಕಿನಿಂದ. ಶಾಸನದ ಪಕ್ಕ ಎಂಟನೇ ತರಗತಿ, ಶಾಸನದ ಪಕ್ಕ ಒಂಬತ್ತನೇ ತರಗತಿ, ಶಾಸನವನ್ನು ಪೂರ್ತಿ ಮರೆಮಾಡಿ ನಿಂತ ಪಿಟಿ ಮೇಷ್ಟ್ರು. ವಿಡಿಯೋ ಬೇರೆ ಇದೆ, ಅದರಲ್ಲಿ ಗಾಳಿಯ ಸದ್ದು ಚೆನ್ನಾಗಿ ಕೇಳಿಸುತ್ತದೆ.

ಇವೆಲ್ಲ ಯಾರ ಲೆಕ್ಕಕ್ಕೆ ಎನ್ನುವುದೇ ದೊಡ್ಡ ಸಮಸ್ಯೆ. ಫೋಲ್ಡರು ಯಾರದ್ದೋ ಜಾಗ ಅವರದ್ದು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಹಾಗಲ್ಲವಂತೆ. ಯಾರು ಫೈಲು ಏರಿಸಿದರೋ ಅವರೇ ಅದರ ಮಾಲೀಕರು. ಫೋಲ್ಡರು ಯಾರದೇ ಇರಲಿ, ಅದರ ಭಾರ ಏರಿಸಿದವರ 15 ಜಿಬಿಯ ಮೇಲೆ. ನೋಡುವವರಿಗೆ ಒಂದು ಕೆಬಿಯ ಖರ್ಚೂ ಇಲ್ಲ. ಇನ್ನೊಬ್ಬರ ಫೈಲನ್ನು ಫೋಲ್ಡರಿನಿಂದ ತೆಗೆದುಹಾಕಿದರೆ ನಮ್ಮ ಜಾಗ ಉಳಿಯುವುದೂ ಇಲ್ಲ. ಡ್ರಾಪ್‌ಬಾಕ್ಸಿನಲ್ಲಿ ಇದಕ್ಕಿಂತ ಕಟ್ಟುನಿಟ್ಟು: ಹಂಚಿಕೊಂಡ ಫೋಲ್ಡರಿಗೆ ಸೇರಿದ ಪ್ರತಿಯೊಬ್ಬರ ಲೆಕ್ಕದಲ್ಲೂ ಪೂರ್ತಿ ಭಾರ ಬೀಳುತ್ತದೆ, ಪುಕ್ಕಟೆ ಜಾಗ ಬರೀ 2 ಜಿಬಿ. ಹೇಮಾವತಿಯ ಗಾಳಿಯೊಂದೇ ಸಾಕು ಅದನ್ನು ತುಂಬಲು.

ಡ್ರೈವಿನ ಈ ನಿಯಮ ಅರ್ಥವಾಗಲು ನಮ್ಮ ಕಡೆಯವರಿಗೆ ಕಷ್ಟವಾಗಬಾರದಿತ್ತು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯನ್ನು ಮತ್ತೆ ಹಂಚಿದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ನಾವು ಅಂದಿನಿಂದ ಆಂಧ್ರದ ಫೋಲ್ಡರಿನಲ್ಲಿರುವ ಕನ್ನಡದ ಫೈಲು. ಎರಡೂ ಕಡೆಯವರಿಗೆ ನಾವು ಕಾಣಿಸುತ್ತೇವೆ, ಭಾರ ಮಾತ್ರ ನಮ್ಮದೇ.

ಇರಲಿ. ಗೂಗಲ್ಲಿಗೆ ತಿಂಗಳಿಗೆ 130 ರೂಪಾಯಿ ಕೊಟ್ಟರೆ 100 ಜಿಬಿ ಸಿಗುತ್ತದೆ, ಅದನ್ನು ಇನ್ನೂ ಐದು ಜನರೊಂದಿಗೆ ಹಂಚಿಕೊಳ್ಳಬಹುದು ಎಂದು ಗಣಿತದ ಮೇಷ್ಟ್ರು ಪತ್ತೆ ಹಚ್ಚಿದರು. ತಲೆಗೆ ಇಪ್ಪತ್ತೆರಡು ರೂಪಾಯಿಯೂ ಬೀಳುವುದಿಲ್ಲ ಎಂದು ಅಲ್ಲೇ ಭಾಗಿಸಿಯೂ ತೋರಿಸಿದರು. ಆದರೆ ಆ ಐವರು ಒಂದೇ ಕುಟುಂಬದವರಾಗಿರಬೇಕು. ಕುಟುಂಬಕ್ಕೊಬ್ಬ ಯಜಮಾನ ಬೇಕು. ಒಬ್ಬರು ಒಂದೇ ಕುಟುಂಬದಲ್ಲಿರಬಹುದು. ಬಿಟ್ಟು ಇನ್ನೊಂದಕ್ಕೆ ಹೋಗುವುದಾದರೆ 12 ತಿಂಗಳಿಗೆ ಒಂದೇ ಸಲ. ಹೆಡ್‌ಮಾಸ್ಟರು ಯಜಮಾನರಾಗಲು ಒಪ್ಪಿದರು. ಹಿಂದಿ ಮೇಡಂ ಫೋನಿಗೆ 'ಇವರು ನಿಮ್ಮನ್ನು ತಮ್ಮ ಕುಟುಂಬಕ್ಕೆ ಸೇರಲು ಕರೆದಿದ್ದಾರೆ' ಎಂಬ ಅರ್ಥದ ಮೆಸೇಜು ಹೋಯಿತು. ಆ ಹೊತ್ತಿಗೆ ಫೋನು ಅವರ ಯಜಮಾನರ ಕೈಯಲ್ಲಿತ್ತು. ಮರುದಿನ ಮೇಡಂ ಸ್ಟಾಫ್ ರೂಮಿಗೆ ಬಂದು, "ಸರ್, ನನ್ನ ಹದಿನೈದೇ ನನಗೆ ಸಾಕು" ಎಂದರು. ಕುಟುಂಬ ಯೋಜನೆ ಅಲ್ಲಿಗೆ ನಿಂತಿತು.

ಈ ನಗುವಿನ ನಡುವೆ ಮಡಕಶಿರಾದ ಹಿರಿಯ ಸಮಾಜ ಮೇಷ್ಟ್ರು ರಿಟೈರಾದರು. ಫೋಲ್ಡರಿನಲ್ಲಿ ಅರ್ಧಕ್ಕೂ ಹೆಚ್ಚು ಫೈಲು ಅವರದ್ದು. ಗುಂಡಾದ ಅಕ್ಷರ, ಪ್ರತಿ ಪಾಠದ ಕೊನೆಗೆ ಕೆಂಪು ಶಾಯಿಯಲ್ಲಿ 'ಇದನ್ನು ಎರಡು ಸಲ ಹೇಳಬೇಕು' ಎಂದು ಮೇಷ್ಟ್ರುಗಳಿಗೇ ಒಂದು ಸೂಚನೆ. ಈಗ ಅವರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಹಳೆಯ ಸಿಮ್ಮು ಇಲ್ಲ, ಪಾಸ್‌ವರ್ಡು ನೆನಪಿಲ್ಲ. ಫೋನು ಮಾಡಿದರೆ, "ಅಲ್ಲೇ ಐತಲ್ಲಪ್ಪ, ತಗೊಳ್ಳಿ, ನಂಗ್ಯಾಕೆ ಅವೆಲ್ಲ ಈಗ" ಎನ್ನುತ್ತಾರೆ. ಅಲ್ಲೇ ಇದೆ, ಸದ್ಯಕ್ಕೆ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ. ಖಾತೆ ಹೋದರೆ ಅದರ ಫೈಲುಗಳೂ ಹೋಗುತ್ತವೆ, ನಮ್ಮ ಫೋಲ್ಡರಿನಲ್ಲಿದ್ದರೂ. ಮಾಲೀಕತ್ವವನ್ನು ಬೇರೆಯವರಿಗೆ ಬರೆದುಕೊಡುವ ದಾರಿ ಇದೆ, ಆದರೆ ಅದಕ್ಕೆ ಅವರೇ ಒಳಗೆ ಬರಬೇಕು. ಹೊರಗಿನವರು ಮಾಡಬಹುದಾದದ್ದು ಇಷ್ಟೇ: ಒಂದೊಂದನ್ನೂ ಕಾಪಿ ಮಾಡಿಕೊಳ್ಳುವುದು. ಕಾಪಿ ಮಾಡಿದವರೇ ಅದರ ಹೊಸ ಮಾಲೀಕರು.

ಹಾಗಾಗಿ ಈಗ ತರಗತಿ ಹಂಚಿಕೊಂಡಿದ್ದೇವೆ. ಆರನೆಯದು, ಏಳನೆಯದು ಗಣಿತದ ಮೇಷ್ಟ್ರು ತೆಗೆದುಕೊಂಡರು, ಅದಕ್ಕೆಂದು ಮಗಳ ಮದುವೆಯ ವಿಡಿಯೋವನ್ನು ಪೆನ್‌ಡ್ರೈವಿಗೆ ಇಳಿಸಿದರು. ಹತ್ತನೆಯದು ನನ್ನ ಬಳಿ ಇದೆ. ಒಂಬತ್ತನೆಯದನ್ನು ಹಿಂದಿ ಮೇಡಂ ತಾವಾಗಿಯೇ ಕೇಳಿ ಪಡೆದರು, ಯಾವ ಕುಟುಂಬಕ್ಕೂ ಸೇರದೆ. ಎಂಟನೆಯದು ಉಳಿದಿದೆ, ಹೆಚ್ಚೆಂದರೆ ಎರಡು ಜಿಬಿ. ಈ ಕಡೆ ಕನ್ನಡದಲ್ಲಿ ಪಾಠ ಹೇಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ವಾಟ್ಸ್ಆ್ಯಪ್ಪಿನ ಗುಲಾಬಿಗಳನ್ನು ಅಳಿಸಿ ಎರಡು ಜಿಬಿ ಖಾಲಿ ಮಾಡಿ ತಿಳಿಸಿ. ಲಿಂಕು ಕಳಿಸುತ್ತೇನೆ.