ಮೊದಲ ಕಂಪ್ಯೂಟರಿನ ಪ್ರವರ

ನಲವತ್ತೈದು ದಾಟಿದ ಯಾರನ್ನಾದರೂ ಹಿಡಿದು, ನಿಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು ಯಾವಾಗ ಅಂತ ಕೇಳಿ ನೋಡಿ. ಇಸವಿ ಹೇಳಲು ಸ್ವಲ್ಪ ತಡವರಿಸುತ್ತಾರೆ. ಅಕ್ಕನ ಮದುವೆಯ ಮುಂದಿನ ವರ್ಷ ಇರಬೇಕು, ಇಲ್ಲ ಇಲ್ಲ, ಬೋರ್‌ವೆಲ್ ಕೊರೆಸಿದ ವರ್ಷ ಅಂತ ಮನೆಮಂದಿಯೆಲ್ಲ ಸೇರಿ ಒಂದು ಚರ್ಚೆಯೂ ಆಗುತ್ತದೆ. ಆದರೆ ಅದರೊಳಗೆ ಏನೇನಿತ್ತು ಅಂತ ಕೇಳಿ. ಪೆಂಟಿಯಂ ಎಂಎಂಎಕ್ಸ್, 166 ಮೆಗಾಹರ್ಟ್ಸ್, 32 ಎಂಬಿ ರ‍್ಯಾಮ್, 2.1 ಜಿಬಿ ಹಾರ್ಡ್ ಡಿಸ್ಕ್, 1.44 ಎಂಬಿ ಫ್ಲಾಪಿ, 14 ಇಂಚಿನ ಕಲರ್ ಮಾನಿಟರ್ ಅಂತ, ಗೋತ್ರ ಪ್ರವರ ಹೇಳಿ ಅಭಿವಾದನ ಮಾಡಿದ ಹಾಗೆ, ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಮೇಲೆ ಹೇಳಿದ್ದು ನಮ್ಮ ಮನೆಯದರ ಪ್ರವರ, 1998ರದ್ದು. ಈಗ ನನ್ನ ಜೇಬಿನಲ್ಲಿರುವ ಫೋನಿಗೆ ಎಷ್ಟು ರ‍್ಯಾಮ್ ಅಂತ ಕೇಳಿದಿರೋ, ಸೆಟ್ಟಿಂಗ್ಸ್ ತೆರೆದು ನೋಡಿಯೇ ಹೇಳಬೇಕು.

ಯಾಕೆ ಹೀಗೆ? ಎಳೆಯ ವಯಸ್ಸಿನ ನೆನಪು ಗಟ್ಟಿ ಅನ್ನಬಹುದು. ನನಗೆ ತೋರುವ ಕಾರಣ ಬೇರೆ. ಆ ಕಾಲದಲ್ಲಿ ಕಂಪ್ಯೂಟರನ್ನು ಇಡಿಯಾಗಿ ಕೊಳ್ಳುತ್ತಿದ್ದವರು ಕಡಿಮೆ. ಬಿಡಿ ಭಾಗಗಳನ್ನು ಒಂದೊಂದಾಗಿ ಆರಿಸಿ, ಒಂದೊಂದಕ್ಕೂ ಚೌಕಾಸಿ ಮಾಡಿ, ಕಣ್ಣೆದುರಿಗೇ ಜೋಡಿಸಿಕೊಂಡು ತರುತ್ತಿದ್ದೆವು. ಹಾಗೆ ತಂದದ್ದು ಮರೆಯುವುದುಂಟೇ?

ಜೋಡಿಸಿಕೊಳ್ಳುವ ಜಾಗ ಯಾವುದು ಅಂತ ಬೇರೆ ಹೇಳಬೇಕೇ! ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ, ಎಸ್.ಪಿ. ರೋಡ್ ಅನ್ನಬೇಕು. ಟೌನ್ ಹಾಲ್ ಹತ್ತಿರ ಜೆ.ಸಿ. ರಸ್ತೆಯಿಂದ ಒಳಕ್ಕೆ ಹೊಕ್ಕರೆ ಒಂದು ಕಡೆ ಬೇರಿಂಗು, ಪಂಪ್‌ಸೆಟ್ಟು, ನಟ್ಟು ಬೋಲ್ಟು. ಇನ್ನೊಂದು ಕಡೆ ಮದರ್‌ಬೋರ್ಡು, ಕೀಬೋರ್ಡು, ಕೇಬಲ್ ಸುರುಳಿ. ಕಂಪ್ಯೂಟರ್ ಅಂದರೆ ಎ.ಸಿ. ಕೋಣೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಮೆತ್ತಗೆ ಮಾತಾಡುತ್ತಾ ನೋಡಬೇಕಾದ ವಸ್ತು ಅಂತ ನಂಬಿದ್ದ ನನಗೆ ಆ ರಸ್ತೆ ನೋಡಿ ಮೈ ಝುಮ್ಮೆಂದಿತು. ನಮ್ಮೂರು ಚನ್ನರಾಯಪಟ್ಟಣದ ಕಂಪ್ಯೂಟರ್ ತರಗತಿಯಲ್ಲಿ ಚಪ್ಪಲಿ ಸಾಲು ದೇವಸ್ಥಾನದ ಮುಂದಿಗಿಂತ ಉದ್ದ ಇರುತ್ತಿತ್ತು. ಇಲ್ಲಿ ನೋಡಿದರೆ ಹುಡುಗರು ಟೀ ಲೋಟವನ್ನು ಮಾನಿಟರ್ ಮೇಲಿಟ್ಟು ಕೆಲಸ ಮಾಡುತ್ತಿದ್ದಾರೆ! ಆ ಸಲಿಗೆ ನನಗೆ ತುಂಬ ಹಿಡಿಸಿತು. ಯಂತ್ರದ ಜೊತೆ ಹಾಗೆ ಬದುಕಬೇಕು.

ಅಂಗಡಿಗೊಂದು ಕೊಟೇಶನ್ ಚೀಟಿ. ಬೆಳಗಿನ ರೇಟು ಸಂಜೆಗಿಲ್ಲ; ಕೇಳಿದರೆ, ಡಾಲರ್ ಏರಿದೆ ಸಾರ್ ಅನ್ನುವರು. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಚೀಟಿಗಳನ್ನೆಲ್ಲ ಪಕ್ಕಪಕ್ಕಕ್ಕೆ ಹಿಡಿದು ಓದಿದರು. ಎಲ್ಲ ಸೇರಿ 40 ಸಾವಿರದ ಆಸುಪಾಸು. ಜಿಪಿಎಫ್‌ನಿಂದ ಸಾಲ ತೆಗೆದಿದ್ದರು. ಕಂಪನಿಯ ಸೀಲು ಇರುವ ಬ್ರ್ಯಾಂಡೆಡ್ ತಗೊಳ್ಳಿ ಅಂತ ಊರಲ್ಲಿ ಸಲಹೆ ಕೊಟ್ಟವರಿದ್ದರು. ಅಪ್ಪನ ಲೆಕ್ಕ ಒಂದೇ: ಕೆಟ್ಟರೆ ಬಿಚ್ಚಿ ನೋಡುವ ಹಾಗಿರಬೇಕು. ಇಪ್ಪತ್ತೈದು ವರ್ಷ ದಾಟಿದ ಮೇಲೂ ಅದಕ್ಕಿಂತ ಸರಿಯಾದ ಲೆಕ್ಕ ನಾನು ಕೇಳಿಲ್ಲ.

ಜೋಡಿಸಿದ ಹುಡುಗನಿಗೆ ನನ್ನಷ್ಟೇ ವಯಸ್ಸು. ಮದರ್‌ಬೋರ್ಡಿನ ಸಾಕೆಟ್ ಪಕ್ಕದ ಸಣ್ಣ ಸನ್ನೆಯನ್ನು ಎತ್ತಿದ, ಪ್ರೊಸೆಸರನ್ನು ಮೆಲ್ಲಗೆ ಇಟ್ಟ. ಒತ್ತಲಿಲ್ಲ. ಅದು ತಾನೇ ಕೂತಿತು. ಸನ್ನೆ ಇಳಿಸಿದ. ಮೇಲೆ ಬಿಳಿ ಪೇಸ್ಟು, ಅದರ ಮೇಲೆ ಫ್ಯಾನು. ಆಮೇಲೆ ಬೂದು ಬಣ್ಣದ ಪಟ್ಟಿ ಕೇಬಲ್; ಒಟ್ಟು 40 ತಂತಿ, ಒಂದು ಅಂಚಿಗೆ ಕೆಂಪು ಗೆರೆ. 'ಕೆಂಪು ಗೆರೆ ಯಾವಾಗ್ಲೂ ಒಂದನೇ ಪಿನ್ ಕಡೆಗೆ ಇರ್ಬೇಕು, ನೆನಪಿಟ್ಕೊಳಿ' ಅಂದ. ಇಟ್ಟುಕೊಂಡಿದ್ದೇನೆ. ಸ್ವಿಚ್ ಹಾಕಿದಾಗ ಕಪ್ಪು ಪರದೆಯ ಮೇಲೆ ಮೆಮೊರಿ ಎಣಿಕೆ ಸರಸರನೆ ಏರುತ್ತಾ ಹೋಗಿ 32768ಕ್ಕೆ ನಿಂತಿತು. ಅಷ್ಟು ಕಿಲೋಬೈಟ್ ಸೇರಿದರೆ 32 ಎಂಬಿ. ಕೊಟ್ಟ ದುಡ್ಡಿಗೆ ಪೂರ್ತಿ ಮಾಲು ಬಂದಿದೆ ಅಂತ ಅಪ್ಪನಿಗೆ ಅಲ್ಲಿಯೇ ಸಮಾಧಾನವಾಯಿತು.

ಮೆಜೆಸ್ಟಿಕ್‌ನಿಂದ ಕುಣಿಗಲ್ ಮಾರ್ಗದ ಕೆಂಪು ಬಸ್ಸು. ಕ್ಯಾಬಿನೆಟ್ ಅಪ್ಪನ ಕಾಲ ಬಳಿ, ಮಾನಿಟರ್ ಪೆಟ್ಟಿಗೆ ನನ್ನ ತೊಡೆ ಮೇಲೆ. ಗಾಜಿನ ಕೊಳವೆಯ ಮಾನಿಟರ್ ಎಷ್ಟು ಭಾರ ಇರುತ್ತಿತ್ತು ಅಂತ ಈಗಿನ ಮಕ್ಕಳಿಗೆ ಹೇಗೆ ಹೇಳುವುದು? ಬೆಳ್ಳೂರು ಕ್ರಾಸ್ ದಾಟುವಷ್ಟರಲ್ಲಿ ಕಾಲಿಗೆ ಜೋಮು. ಹಿಂದಿನ ಸೀಟಿನ ಅಜ್ಜ ಒಬ್ಬರು 'ಟಿವೀನಾ ಮಗ?' ಅಂತ ಕೇಳಿದರು. ಕಂಪ್ಯೂಟರ್ ಅಂದೆ. ಅವರು ತಮ್ಮ ಕಂಬಳಿ ಮಡಿಸಿ ಪೆಟ್ಟಿಗೆಯ ಕೆಳಗೆ ತುರುಕಿದರು. ಕೇಳದೆಯೇ ಮಾಡಿದ ಆ ಉಪಕಾರ ನಮ್ಮ ಮನೆಯಲ್ಲಿ ಇನ್ನೂ ನೆನೆಯುವ ಸಂಗತಿ.

ಮನೆಗೆ ಬಂದದ್ದಾಯಿತು. ಈಗ ಅರ್ತಿಂಗ್ ಕಥೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಂಪ್ಯೂಟರಿನ ನೆನಪು ಬರೆಯುವವರು ಆಟದ ಬಗ್ಗೆ, ಇಂಟರ್ನೆಟ್ ಬಗ್ಗೆ ಬರೆಯುತ್ತಾರೆ, ಅರ್ತಿಂಗ್ ಬಗ್ಗೆ ಬರೆಯುವುದೇ ಇಲ್ಲ. ಹಳೆಯ ಹಂಚಿನ ಮನೆಗಳಲ್ಲಿ ವೈರಿಂಗ್‌ಗೆ ಎರಡೇ ತಂತಿ. ಮೂರನೆಯ ತೂತು ಸಾಕೆಟ್ಟಿನಲ್ಲಿ ಇದ್ದರೂ ಅದರ ಹಿಂದೆ ಏನೂ ಇರುತ್ತಿರಲಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಅನ್ನುವ, ಕರೆಂಟ್ ಒದಗಿಸುವ ಡಬ್ಬಿಯೊಳಗೆ, ಅದರ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ, ಒಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ. ಭೂಮಿಗೆ ದಾರಿ ಇಲ್ಲದಿದ್ದರೆ ಆ ಮೈ ಹೆಚ್ಚುಕಡಿಮೆ ಅರ್ಧ ವೋಲ್ಟೇಜಿನಲ್ಲಿ ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರ ಸಣ್ಣದು, ಆದರೂ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಸವರಿದರೆ ಚುರುಚುರು. ಅಜ್ಜಿ ಧೂಳು ಒರೆಸಲು ಹೋಗಿ, 'ಇದು ಕಚ್ಚುತ್ತೆ ಕಣೋ' ಅಂದರು.

ಎಲೆಕ್ಟ್ರಿಷಿಯನ್ ಬಂದರು. ಹಿತ್ತಲಲ್ಲಿ ತೆಂಗಿನ ಮರದ ಪಕ್ಕ ಆಳದ ಗುಂಡಿ ತೋಡಿಸಿದರು. ತಾಮ್ರದ ತಗಡು ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಉಪ್ಪು, ಇದ್ದಿಲು ಎರಡೂ ನೀರಿನ ಪಸೆ ಹಿಡಿದಿಡುತ್ತವೆ; ನೆಲ ಒದ್ದೆ ಇದ್ದಷ್ಟೂ ಕರೆಂಟ್ ಭೂಮಿಗೆ ಸಲೀಸಾಗಿ ಇಳಿಯುತ್ತದೆ. ಹೋಗುವಾಗ ಅಜ್ಜಿಯನ್ನು ಕರೆದು, 'ಅಮ್ಮಾರೇ, ಬೇಸ್ಗೇಲಿ ದಿನಾ ಒಂದು ಬಿಂದಿಗೆ ನೀರು ಹುಯ್ತಾ ಇರಿ' ಅಂದರು. ಅಜ್ಜಿ ಹುಯ್ದರು. ತುಳಸಿಗೆ ಒಂದು ತಂಬಿಗೆ, ಕಂಪ್ಯೂಟರಿಗೆ ಒಂದು ಬಿಂದಿಗೆ. ಕೀಲಿಮಣೆ ಮುಟ್ಟಿದವರಲ್ಲ, ಪರದೆಯ ಮುಂದೆ ಕೂತವರೂ ಅಲ್ಲ. ಆದರೂ ನಮ್ಮ ಮನೆಯ ಕಂಪ್ಯೂಟರನ್ನು ನಿಜವಾಗಿ ಸಾಕಿದವರು ಯಾರು ಅಂತ ಕೇಳಿದರೆ ನಾನು ಅಜ್ಜಿಯ ಹೆಸರನ್ನೇ ಹೇಳುವುದು.

ಆ ವರ್ಷದ ಆಯುಧಪೂಜೆಗೆ ಕುಡುಗೋಲು, ಈಳಿಗೆಮಣೆ, ಅಪ್ಪನ ಸೈಕಲ್ಲು, ಅಮ್ಮನ ಹೊಲಿಗೆ ಯಂತ್ರದ ಸಾಲಿನಲ್ಲಿ ಮಾನಿಟರ್ ಕೂಡ ಚೆಂಡುಹೂವಿನ ಹಾರ ಹಾಕಿಸಿಕೊಂಡಿತು. ಕುಂಕುಮ ಎಲ್ಲಿ ಇಡುವುದು ಅನ್ನುವುದಕ್ಕೇ ದೊಡ್ಡ ಸಮಾಲೋಚನೆ. ಗಾಜಿಗೆ ಬೇಡ, ಮಸುಕಾಗುತ್ತದೆ. ಕೀಬೋರ್ಡಿಗೆ ಬೇಡ, ಸಂದಿಗೆ ಇಳಿಯುತ್ತದೆ. ಕೊನೆಗೆ ಕ್ಯಾಬಿನೆಟ್ಟಿನ ನೆತ್ತಿಗೆ. ಅಮ್ಮ ಹೊಲಿದ ಹೂವಿನ ಬಟ್ಟೆಯ ಮುಸುಕೂ ಇತ್ತು, ಮೂರು ತುಂಡು, ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟು. ನಿಮ್ಮ ಮನೆಯಲ್ಲೂ ಇತ್ತು ತಾನೇ?

ಸಂಜೆ ಅದನ್ನು ಶುರು ಮಾಡುವಾಗ ಬರುವ ವಿಂಡೋಸ್ 95ರ ಆ ಪುಟ್ಟ ನಾದ ಕೇಳಲೆಂದೇ ಪಕ್ಕದ ಮನೆಯ ಮಕ್ಕಳು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಅದನ್ನು ಮಾಡಿದವರು ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೋ. ಕೆಲವೇ ಸೆಕೆಂಡುಗಳ ಆ ಒಂದು ತುಣುಕಿಗಾಗಿ 84 ತುಣುಕುಗಳನ್ನು ಮಾಡಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಎಷ್ಟು ಶ್ರದ್ಧೆ ನೋಡಿ! ಮುಚ್ಚುವಾಗಲೂ ಒಂದು ಶಿಸ್ತಿತ್ತು. ಈಗ ಸ್ವಿಚ್ ಆರಿಸಬಹುದು ಅಂತ ಕಿತ್ತಳೆ ಬಣ್ಣದ ಅಕ್ಷರ ಕಪ್ಪು ಪರದೆಯ ಮೇಲೆ ಬರುವವರೆಗೆ ಕಾಯಬೇಕು. ಅಪ್ಪ ಕೈಕಟ್ಟಿ ನಿಂತು ಕಾಯುತ್ತಿದ್ದರು. ನಡುವೆ ಕರೆಂಟ್ ಹೋದರೆ ಯುಪಿಎಸ್ ಕುಂಯ್ ಕುಂಯ್ ಅನ್ನಲು ಶುರು. ಅಡುಗೆಮನೆಯಿಂದ ಅಮ್ಮ, 'ಸೇವ್ ಮಾಡೋ, ಸೇವ್ ಮಾಡು!' ಅಂತ ಕೂಗುವರು. ಅಮ್ಮ ಕಲಿತ ಮೊದಲ ಕಂಪ್ಯೂಟರ್ ಪಾಠ ಅದು. ಅಷ್ಟು ಕಲಿತರೆ ಮುಕ್ಕಾಲು ಕಲಿತ ಹಾಗೆಯೇ.

ಮಾತು ಎಲ್ಲಿಗೋ ಹೋಯಿತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ವಿಷಯಕ್ಕೆ ಬರುತ್ತೇನೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶ ಹೊರಬಂದದ್ದು ಅದೇ 1998ರಲ್ಲಿ. ಅದಕ್ಕೂ ಎಷ್ಟೋ ಮೊದಲು ಕಿನ್ನಿಕಂಬಳ ಪದ್ಮನಾಭ ರಾಯರು, ನಾವೆಲ್ಲ ಕೆ.ಪಿ. ರಾವ್ ಅನ್ನುವವರು, ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಅಷ್ಟೂ ಅಕ್ಷರಗಳನ್ನು ಕೂರಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ 'ಸೇಡಿಯಾಪು' ಅಂತ ಹೆಸರಿಟ್ಟಿದ್ದರು. ಮುಂದೆ 'ನುಡಿ' ತಂತ್ರಾಂಶಕ್ಕೂ ಅದೇ ಕೀಲಿಮಣೆ ಆಧಾರವಾಯಿತು. ಕೆ ಕೀಲಿಗೆ ಕ, ಶಿಫ್ಟ್ ಒತ್ತಿದರೆ ಖ, ಎಫ್ ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ. ಒಂದು ಸಂಜೆಗೆ ಕಲಿಯಬಹುದು, ಆಯುಷ್ಯವಿಡೀ ಮರೆಯುವುದಿಲ್ಲ.

ಕನ್ನಡ ಬಂದದ್ದೇ ತಡ, ನಮ್ಮ ಮನೆ ಬೀದಿಯ ಕಚೇರಿ ಆಯಿತು. ಹಾಲು ಸಂಘದ ಕಾರ್ಯದರ್ಶಿ ಸರ್ವಸದಸ್ಯರ ಸಭೆಯ ತಿಳಿವಳಿಕೆ ಪತ್ರ ಹಿಡಿದು ಬಂದರು. ಮಹಿಳಾ ಸಮಾಜದ ವರದಿ, ರಾಮೋತ್ಸವದ ಕರಪತ್ರ, ಹರಕೆ ಲೆಕ್ಕ. ಅಕ್ಷರ ಪರದೆಯ ಮೇಲೆ ಮೂಡುವುದನ್ನು ನೋಡಲು ನಾಲ್ಕಾರು ಜನ ಹಿಂದೆ ನಿಲ್ಲುತ್ತಿದ್ದರು. 'ಸಂಘದ' ಅಂತ ಟೈಪ್ ಮಾಡುವಾಗ ಘಕಾರ ಕಾಣಿಸಿಕೊಂಡ ಕ್ಷಣ ಕಾರ್ಯದರ್ಶಿಯವರ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಫ್ಲಾಪಿಗೆ ಹಾಕಿಕೊಂಡು ಹಾಸನದ ಪ್ರೆಸ್ಸಿಗೆ ಹೋದರೆ, ಅಲ್ಲಿಯ ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶ. ತೆರೆದರೆ ಬರೀ ಗೀಟು, ಚುಕ್ಕಿ, ಡಾಲರ್ ಚಿಹ್ನೆ. ಒಬ್ಬೊಬ್ಬರದು ಒಂದೊಂದು ಸಂಕೇತ, ಒಂದೇ 'ಕ'ಗೆ ಹತ್ತಾರು ಗುರುತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಅದು ನಮ್ಮ ಮೇಜಿಗೆ ಇಳಿದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟ್ ಸಮೇತ ಬಂದ ಮೇಲೆ. ಇವತ್ತು ವಾಟ್ಸಾಪಿನಲ್ಲಿ ಶುಭೋದಯ ಕಳಿಸುವ ಚಿಕ್ಕಮ್ಮಂದಿರಿಗೆ ಈ ಪಾಡು ತಿಳಿಯದು. ತಿಳಿಯದಿರುವುದೇ ದೊಡ್ಡ ಗೆಲುವು. ಅದಕ್ಕಾಗಿ ದುಡಿದವರ ಋಣ ನಮ್ಮ ಮೇಲೆ ಬಹಳ ಇದೆ.

ಆಮೇಲೆ ರಬ್ಬರಿನ ವಿದ್ಯೆ. ಮಳೆಗಾಲ ಬಂತೆಂದರೆ ಒಂದು ಬೆಳಗ್ಗೆ ಕಂಪ್ಯೂಟರ್ ಎದ್ದೇಳುವುದಿಲ್ಲ. ಪರದೆ ಕಪ್ಪು, ಒಳಗಿನಿಂದ ನಿಲ್ಲಿಸಿ ನಿಲ್ಲಿಸಿ ಉದ್ದನೆಯ ಬೀಪ್. ಹಾಗೆ ಕೂಗಿದರೆ ರ‍್ಯಾಮ್ ತಕರಾರು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿ, ರ‍್ಯಾಮ್ ಪಟ್ಟಿಗಳ ಕೊಂಡಿ ಸರಿಸಿ ಈಚೆ ತೆಗೆಯುವುದು. ಆ ಪೆಂಟಿಯಂಗೆ ಅವು ಜೋಡಿಯಾಗಿಯೇ ಕೂರಬೇಕು, ಒಂಟಿ ನಡೆಯದು. ಅಂಚಿನ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ. ಶಾಲೆಯ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಫಳಫಳ. ವಾಪಸ್ ಕೂರಿಸಿ ಸ್ವಿಚ್ ಹಾಕಿದರೆ ಒಂದೇ ಒಂದು ಚಿಕ್ಕ ಬೀಪ್, ಎಣಿಕೆ ಶುರು. ನಮ್ಮ ಬೀದಿಯ ಮಕ್ಕಳೆಲ್ಲ ಇದನ್ನು ಕಲಿತಿದ್ದರು. ಅವರಲ್ಲಿ ಒಬ್ಬಳು ಈಗ ಚಿಪ್ ವಿನ್ಯಾಸದ ಕೆಲಸದಲ್ಲಿದ್ದಾಳೆ; ಸಿಕ್ಕಾಗಲೆಲ್ಲ ನಮ್ಮ ಮಾತು ರಬ್ಬರಿನಿಂದಲೇ ಶುರು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಕಡೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ತೆಳ್ಳಗಿರುತ್ತವೆ, ವೇಗವಾಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿಗೆ ಒಳಗೆ ಏನಿದೆ ತೋರಿಸಪ್ಪ ಅಂದರೆ ತೋರಿಸುವುದೇನು? ಕಂಪ್ಯೂಟರ್ ಅಂದರೆ ಭಾಗಗಳು, ಭಾಗ ಅಂದರೆ ಬದಲಿಸಬಹುದಾದದ್ದು ಅನ್ನುವ ತಿಳಿವಳಿಕೆ ನಮ್ಮ ಕೈಗೆ ಬಂದಿತ್ತು. ಅದು ಮುಂದಿನವರ ಕೈಗೂ ಬರಬೇಕು ಅನ್ನುವುದು ನನ್ನ ಗಟ್ಟಿ ಆಸೆ.

ನಮ್ಮ ಆ ಕಂಪ್ಯೂಟರ್ ಒಮ್ಮೆಗೇ ಹೋದದ್ದಲ್ಲ. ರ‍್ಯಾಮ್ ಹಾಲು ಸಂಘದ ಕಂಪ್ಯೂಟರಿಗೆ, ಫ್ಲಾಪಿ ಡ್ರೈವ್ ಸೋದರಮಾವನ ಮನೆಗೆ, ಮಾನಿಟರ್ ಶಾಲೆಗೆ. ಹಾರ್ಡ್ ಡಿಸ್ಕ್ ಕೆಟ್ಟ ಮೇಲೆ ಬಿಚ್ಚಿದರೆ ಒಳಗೆ ಬೆರಳು ಸಿಕ್ಕಿದರೆ ನೋಯುವಷ್ಟು ಬಲದ ಅಯಸ್ಕಾಂತ ಸಿಕ್ಕಿತು; ಅಮ್ಮ ಅದನ್ನು ಹೊಲಿಗೆ ಡಬ್ಬಿಯಲ್ಲಿಟ್ಟು ಬಿದ್ದ ಸೂಜಿ ಹೆಕ್ಕಲು ಬಳಸುತ್ತಿದ್ದಾರೆ. ಅರ್ತಿಂಗ್ ಗುಂಡಿ ಈಗ ಫ್ರಿಜ್ಜು, ವಾಷಿಂಗ್ ಮಷೀನಿಗೆ.

ಅಂದ ಹಾಗೆ, ಎಸ್.ಪಿ. ರೋಡ್ ಇನ್ನೂ ಗಿಜಿಗುಡುತ್ತಲೇ ಇದೆ. ಈಗ ಅಲ್ಲಿ ಸೆನ್ಸರು, ಪುಟ್ಟ ಮೋಟರು, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು ಸಿಗುತ್ತವೆ. ಎಂಜಿನಿಯರಿಂಗ್ ಹುಡುಗ ಹುಡುಗಿಯರು ಪ್ರಾಜೆಕ್ಟಿನ ಪಟ್ಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಒಮ್ಮೆ ಕರೆದುಕೊಂಡು ಹೋಗಿ. ಭಾನುವಾರ ಮಾತ್ರ ಬೇಡ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.