ಮೂಗಿನ ನೇರಕ್ಕೆ

ಆ ಮನೆಯಲ್ಲಿ ಅಣ್ಣನಿಗೂ ತಂಗಿಗೂ ಮೂಗಿನದೇ ಚಿಂತೆ. ಅಣ್ಣ ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ಎದುರಾಳಿಯ ಮಂಡಿ ತಗುಲಿ ಮೂಗು ಮುರಿದುಕೊಂಡಿದ್ದ. ಅಜ್ಜಿ ಅರಿಸಿನ ಹಚ್ಚಿ ಗಾಯ ವಾಸಿ ಮಾಡಿದಳು. ಮೂಗು ಮಾತ್ರ ಎಡಕ್ಕೆ ವಾಲಿಕೊಂಡೇ ಉಳಿಯಿತು. ಹತ್ತು ವರ್ಷದಿಂದ ಒಂದೇ ಹೊಳ್ಳೆಯಲ್ಲಿ ಉಸಿರು. ರಾತ್ರಿಯ ಗೊರಕೆಗೆ ಪಕ್ಕದ ಮನೆಯವರೇ ಸಾಕ್ಷಿ.

ತಂಗಿಗೆ ಉಸಿರಾಟದ ತೊಂದರೆಯೇನಿಲ್ಲ. ಹೆಣ್ಣು ನೋಡಲು ಬಂದವರೊಬ್ಬರು ಕೇಸರಿಬಾತು ತಿನ್ನುತ್ತ, 'ಎಲ್ಲ ಸರಿ, ಮೂಗೊಂದು ಸ್ವಲ್ಪ ದಪ್ಪವಾಯಿತು' ಎಂದುಬಿಟ್ಟರು. ಅವರಿಗೆ ತಿಂದದ್ದು ಅರಗಿತು. ಇವಳಿಗೆ ಕೇಳಿದ್ದು ಅರಗಲಿಲ್ಲ. ಅಂದಿನಿಂದ ಮೊಬೈಲಿನಲ್ಲಿ ತನ್ನದೇ ಮುಖದ ಫೋಟೋ ತೆಗೆದು ನೋಡಿಕೊಳ್ಳುವುದೇ ಕೆಲಸವಾಯಿತು.

ಇಬ್ಬರೂ ಆಪರೇಷನ್ ಮಾತೆತ್ತಿದಾಗ ತಾಯಿ ಹೌಹಾರಿದರು. 'ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ಸಿಕೊಳ್ಳುತ್ತಾರೆಯೇ?' ಎಂಬುದು ಅವರ ಪ್ರಶ್ನೆ. ತಂದೆ ಮಾತಾಡಲಿಲ್ಲ. ಅವರು ಪಿ.ಎಫ್. ಪುಸ್ತಕ ನೋಡುತ್ತಿದ್ದರು.

ಮೂಗು ಕೊಯ್ಯುವ ಶಿಕ್ಷೆ ಇದ್ದ ಈ ದೇಶದಲ್ಲೇ ಮೂಗು ಕಟ್ಟುವ ವಿದ್ಯೆಯೂ ಬೆಳೆಯಿತೆಂಬುದು ಆ ತಾಯಿಗೆ ತಿಳಿದಿರಲಿಲ್ಲ. ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎಬ್ಬಿಸಿ ಕೂಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಉಸಿರಾಡಲು ಎರಡು ನಾಳಗಳನ್ನಿಡಬೇಕೆಂಬುದನ್ನೂ ಅದು ಮರೆತಿಲ್ಲ.

ಈ ವಿದ್ಯೆ ಲಂಡನ್ನಿಗೆ ತಲುಪಿದ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. ಕಾವಸ್ಜಿ ಎಂಬುವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದಷ್ಟು ಕಾಲ ಮೂಗಿಲ್ಲದೆ ಬದುಕಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದ ಅಚ್ಚನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಗೆರೆ ಎಳೆದು, ಆ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದ. ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಟ್ಟ. ಗುಟ್ಟೆಲ್ಲ ಆ ಪಟ್ಟಿಯಲ್ಲೇ. ಹೊಸ ಜಾಗದಲ್ಲಿ ಚರ್ಮ ಬೇರೂರುವವರೆಗೆ ಅದಕ್ಕೆ ರಕ್ತ ಹರಿಯುವುದು ಆ ಸೇತುವೆಯ ಮೂಲಕ. ಸುಮಾರು 25 ದಿನಗಳ ಮೇಲೆ ಸೇತುವೆ ಕಡಿದರೆ ಕೆಲಸ ಮುಗಿಯಿತು.

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮದಿಂದ ಮೂಗು ಕಟ್ಟಿದ. ಕ್ಯಾನ್ಸರಿನಿಂದ ಮೂಗು ಹಾಳಾದವರಿಗೆ ಇಂದಿಗೂ ಹಣೆಯ ಚರ್ಮವನ್ನು ಬಳಸುತ್ತಾರೆ. ಕಾವಸ್ಜಿ ಕೇಳಿದ್ದು ಅಂದದ ಮೂಗನ್ನಲ್ಲ, ನಾಲ್ಕು ಜನರೆದುರು ತಲೆಯೆತ್ತಿ ನಡೆಯುವ ಮುಖವನ್ನು. ಹಾಗೆ ನೋಡಿದರೆ ತಂಗಿ ಕೇಳುತ್ತಿದ್ದುದೂ ಅದನ್ನೇ.

ಕೊನೆಗೆ ಇಬ್ಬರೂ ಡಾಕ್ಟರರ ಮುಂದೆ ಕುಳಿತರು. ಮೂಗಿನ ಮೇಲ್ಭಾಗ ಮೂಳೆ, ಕೆಳಭಾಗ ಮೃದ್ವಸ್ಥಿ, ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ. ಅಣ್ಣನ ಗೋಡೆ ಬಾಗಿತ್ತು, ಮೂಳೆಯೂ ವಾಲಿತ್ತು. ಎರಡನ್ನೂ ಒಟ್ಟಿಗೇ ಸರಿಪಡಿಸಬಹುದೆಂದರು. ಉಸಿರಾಟದ ತೊಂದರೆಗಾಗಿ ಮಾಡುವ ಭಾಗಕ್ಕೆ ವಿಮೆ ಸಾಮಾನ್ಯವಾಗಿ ಸಿಗುತ್ತದೆ, ಬರೀ ಅಂದಕ್ಕಾದರೆ ಸಿಗುವುದಿಲ್ಲ ಎಂದಾಗ ತಂದೆ ಮೊದಲ ಬಾರಿಗೆ ಮುಂದಕ್ಕೆ ಬಾಗಿ ಕೇಳಿಸಿಕೊಂಡರು.

ಉಳಿದದ್ದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಪೂರ್ಣ ಅರಿವಳಿಕೆ ಬೇಕಾಗಬಹುದು. ಕೆಲವು ವಾರ ಮೊದಲೇ ಬೀಡಿ ಸಿಗರೇಟು ಬಿಡಬೇಕು. ಆಸ್ಪಿರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ತಿಳಿಸಬೇಕು. ಒಂದು ವಾರ ಮೂಗಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ಕಪ್ಪು. ಕನ್ನಡಕದ ಭಾರವನ್ನು ಕೆಲವು ವಾರ ಮೂಗಿನ ಮೇಲೆ ಹೇರುವಂತಿಲ್ಲ. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೂ ಹಿಡಿಯಬಹುದು. ಅದಕ್ಕೆ ಮುಂಚೆ ಕನ್ನಡಿಯ ತೀರ್ಪು ಕೇಳಬಾರದು. ರಕ್ತಸ್ರಾವ, ಸೋಂಕು, ಉಸಿರು ಕಟ್ಟುವುದು, ಎರಡನೆಯ ಸಲ ಆಪರೇಷನ್ ಬೇಕಾಗುವುದು, ಇವೆಲ್ಲ ಅಪರೂಪಕ್ಕಾದರೂ ಉಂಟು. ಮುಖದ ಬೆಳವಣಿಗೆ ಮುಗಿಯದ ಮಕ್ಕಳಿಗೆ ಅಂದಕ್ಕಾಗಿ ಮಾಡುವುದಿಲ್ಲ.

ತಂಗಿ ಮೊಬೈಲು ಮುಂದಿಟ್ಟು, 'ನೋಡಿ, ಎಷ್ಟು ದಪ್ಪ' ಎಂದಳು. ಡಾಕ್ಟರು ನಕ್ಕು, ಐದು ಅಡಿ ದೂರ ನಿಂತು ಅವಳದೇ ಇನ್ನೊಂದು ಚಿತ್ರ ತೆಗೆದು ತೋರಿಸಿದರು. ಕ್ಯಾಮೆರಾ ಹತ್ತಿರವಿದ್ದಷ್ಟೂ ಮುಖದಲ್ಲಿ ಮುಂದೆ ಚಾಚಿದ ಭಾಗ ಹಿಗ್ಗಿ ಕಾಣುತ್ತದೆ. ಒಂದು ಅಡಿ ದೂರದ ಚಿತ್ರದಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ತಜ್ಞರು ಲೆಕ್ಕ ಹಾಕಿದ್ದಾರೆ. 'ದಪ್ಪ ಚರ್ಮದ ಮೂಗನ್ನು ಎಷ್ಟು ಕೆತ್ತಿದರೂ ಸಿನಿಮಾ ನಟಿಯ ಮೂಗಾಗುವುದಿಲ್ಲಮ್ಮ. ಸ್ವಲ್ಪ ತಿದ್ದಬಹುದು. ಆದರೆ ಇದನ್ನು ಕೇಳುತ್ತಿರುವುದು ನೀನೋ, ಕೇಸರಿಬಾತು ತಿಂದು ಹೋದವರೋ? ಆರು ತಿಂಗಳು ಬಿಟ್ಟು ಬಾ. ಆಗಲೂ ನಿನಗೇ ಬೇಕೆನಿಸಿದರೆ ಮಾಡೋಣ' ಎಂದರು. ಅವಳು ಬೇಡವೆನ್ನಲೂ ಇಲ್ಲ, ಹಟ ಹಿಡಿಯಲೂ ಇಲ್ಲ. ದೂರದಿಂದ ತೆಗೆದ ಆ ಚಿತ್ರವನ್ನು ಮಾತ್ರ ಅಳಿಸದೆ ಇಟ್ಟುಕೊಂಡಳು.

ಅಣ್ಣನಿಗೆ ಆಪರೇಷನ್ ಆಯಿತು. ಅವನು ಒಳಗಿದ್ದಷ್ಟು ಹೊತ್ತೂ ತಾಯಿ ಹೊರಗೆ ಸೆರಗಿನ ಅಂಚು ತಿರುವುತ್ತ ಕೂತಿದ್ದರು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಎದ್ದವನೇ ಎರಡೂ ಹೊಳ್ಳೆಗಳಿಂದ ಉದ್ದಕ್ಕೆ ಉಸಿರೆಳೆದ. ಹತ್ತು ವರ್ಷಗಳ ಮೇಲೆ ಅವನ ಮೂಗಿಗೆ ಅಡುಗೆಮನೆಯ ವಾಸನೆ ಪೂರ್ತಿಯಾಗಿ ಬಡಿಯಿತು.

'ಒಗ್ಗರಣೆ ಸೀಯುತ್ತಿದೆ!' ಎಂದು ಕೂಗಿದ.

ಒಲೆಯ ಮುಂದೆ ತಂಗಿ ನಿಂತಿದ್ದಳು. ಅವಳ ಕೈಯಲ್ಲಿ ಮೊಬೈಲಿತ್ತು.