ಅಕ್ಕಿ ಡಬ್ಬದ ಮುಚ್ಚಳ

ಜ್ವರ ಬಂದರೆ ಮೂರು ದಿನ ಕಷಾಯ ಕುಡಿದು ನೋಡೋಣವೆನ್ನುವವರು ನಾವು. ಲಾಸಾ ಜ್ವರದ ಸಂಗತಿ ಓದಿದ ಮೇಲೆ ಆ ಧೈರ್ಯ ಕೊಂಚ ಕುಗ್ಗಿದೆ.

1969ರಲ್ಲಿ ನೈಜೀರಿಯದ ಲಾಸಾ ಎಂಬ ಊರಿನಲ್ಲಿ ಶುಶ್ರೂಷೆಗೆ ನಿಂತಿದ್ದ ದಾದಿಯೊಬ್ಬಳು ಇದಕ್ಕೆ ಬಲಿಯಾದಾಗ ಲೋಕಕ್ಕೆ ಇದರ ಪರಿಚಯವಾಯಿತು. ಅಲ್ಲಿನ ಮನೆಗಳಿಗೆ ನುಗ್ಗುವ ಒಂದು ಜಾತಿಯ ಇಲಿಯ ಮೂತ್ರ, ಹಿಕ್ಕೆ ಬಿದ್ದ ಆಹಾರದಿಂದ ಇದು ಅಂಟುತ್ತದೆ. ಹತ್ತರಲ್ಲಿ ಎಂಟು ಮಂದಿಗೆ ಬಂದುಹೋದದ್ದೇ ತಿಳಿಯದಷ್ಟು ಸೌಮ್ಯ. ಮೋಸವಿರುವುದೇ ಅಲ್ಲಿ! ಮೊದಮೊದಲು ಮಲೇರಿಯದಂತೆಯೇ ತೋರುವುದರಿಂದ ಹಲವರು ಕಾದುಬಿಡುತ್ತಾರೆ. ಉಲ್ಬಣಿಸಿ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ ಸುಮಾರು 15 ಮಂದಿ ತೀರಿಕೊಳ್ಳುತ್ತಾರೆ. ಬದುಕಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಕಿವಿ ಕೇಳದಾಗುತ್ತದೆ.

ಆ ಇಲಿ ನಮ್ಮ ದೇಶದ್ದಲ್ಲ, ಜ್ವರವೂ ಅಲ್ಲ. ಆದರೂ ಅಂದು ರಾತ್ರಿ ಎದ್ದು, ಊರಿಂದ ತಂದ ಅಕ್ಕಿಯ ಡಬ್ಬಕ್ಕೆ ಮುಚ್ಚಳ ಬಿಗಿದಿದೆಯೇ ಎಂದು ನೋಡಿ ಮಲಗಿದೆವು.